ಅವ್ವನ ಗೇಟಿನ ಇಂಜಿನ್ನು

ಹುಣಸೂರಿಗೆ ರೈಲಿಲ್ಲ. ಹಾಗಾಗಿ ಇಡೀ ಊರಿನಲ್ಲಿ ಉಗಿ ಇಂಜಿನ್ನು ಇರುವುದು ನನ್ನೊಬ್ಬಳ ಮನೆಯಲ್ಲೇ ಎಂದು ಜಂಬ ಕೊಚ್ಚಿಕೊಳ್ಳುತ್ತೇನೆ. ಇದುವರೆಗೆ ಯಾರೂ ಅಲ್ಲ ಎಂದಿಲ್ಲ. ಗೇಣುದ್ದದ ಮಾದರಿ ಇಂಜಿನ್ನು ಅದು, ಓಡುವುದು ಮಾತ್ರ ಕರೆಂಟಿನ ಮೋಟಾರಿನಿಂದ. ಹಿತ್ತಾಳೆ ತಗಡು ಕತ್ತರಿಸಿ, ಬೆಸುಗೆ ಹಾಕಿ, ಎರಡು ವರ್ಷ ಕೂತು ನಾನೇ ಮಾಡಿದ್ದು. ಮಿಕ್ಸಿ, ಮೊಬೈಲು ರಿಪೇರಿ ಮಾಡುವ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದವರ ಬಾಯನ್ನು ಅದನ್ನು ಓಡಿಸಿ ತೋರಿಸಿಯೇ ಮುಚ್ಚಿಸಿದ್ದೇನೆ.

ಆದರೆ ಮಾಡಿದ್ದು ಅವರಿಗಾಗಿ ಅಲ್ಲ, ಅವ್ವನಿಗಾಗಿ. ಅಪ್ಪ ತೀರಿಕೊಂಡ ಮೇಲೆ ಅವರ ಕೆಲಸ ಅವ್ವನಿಗೆ ಬಂತು. ಕೆ.ಆರ್. ನಗರದಾಚೆ ಗದ್ದೆ ಬಯಲಿನ ನಡುವೆ ರೈಲ್ವೆ ಗೇಟು ಕಾಯುವ ಕೆಲಸ. ಆಗಿನ್ನೂ ಮೀಟರ್‌ಗೇಜ್ ಹಳಿ, ಉಗಿ ಇಂಜಿನ್ನು. ಗಾಡಿ ಬರುವ ಮುಂಚೆ ಗೇಟು ಹಾಕಿ, ಹಸಿರು ಬಾವುಟ ಹಿಡಿದು ನಿಲ್ಲಬೇಕು. ಕೊನೆಯ ಗಾರ್ಡ್ ಡಬ್ಬಿ ದಾಟುವವರೆಗೂ ಕೈ ಇಳಿಸುವಂತಿಲ್ಲ. ಹಾಗೆ ನಿಂತ ಅವ್ವನನ್ನು ಗೇಟ್‌ಮನೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ನಾನು ಬೆಳೆದೆ. ಗಾಡಿಯೇ ಅವಳ ಅಪ್ಪಣೆ ಕೇಳಿ ಹೋಗುತ್ತಿದೆ ಎಂದುಕೊಂಡಿದ್ದೆ.

ಈಗ ನಾಲ್ಕು ವರ್ಷದಿಂದ ಅವ್ವನಿಗೆ ಕಣ್ಣು ಕಾಣುವುದಿಲ್ಲ. ಇಂಜಿನ್ನು ಮುಗಿದ ದಿನ ಅವಳ ಮಡಿಲಲ್ಲಿಟ್ಟೆ. ಹೊಗೆ ಕೊಳವೆ, ಗಾಲಿ, ಗಾಲಿ ತಿರುಗಿಸುವ ಸರಳು ಎಲ್ಲವನ್ನೂ ಸವರಿ ತಲೆಯಾಡಿಸಿದಳು. ಆಮೇಲೆ ಹಳಿಯ ಮೇಲಿಟ್ಟು ಓಡಿಸಿದೆ. ಅವ್ವ ಕಿವಿಗೊಟ್ಟು ಕೇಳಿ, "ನಿನ್ ಅಂಗ್ಡಿ ಮಿಕ್ಸಿ ಓಡ್ದಂಗದೆ ಕಣವ್ವ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ನಿಜವೇ, ಕೇಳುತ್ತಿದ್ದದ್ದು ಬರೀ ಮೋಟಾರಿನ ಗುಂಯ್ ಸದ್ದು. ನೋಡಲಾಗದವಳಿಗೆ ನಾನು ನೋಡುವ ವಸ್ತು ಮಾಡಿಕೊಟ್ಟಿದ್ದೆ.

ಆಗ ತರಿಸಿದ್ದೇ ಶಬ್ದದ ಡಿಕೋಡರ್. ಹೆಬ್ಬೆರಳಿನ ಉಗುರಿನಷ್ಟು ಬೋರ್ಡು. ಹಳಿಯಿಂದ ಬರುವ ಕರೆಂಟು ಮೊದಲು ಇದಕ್ಕೆ ಹೋಗಿ, ಇದರಿಂದ ಮೋಟಾರಿಗೆ ಹೋಗಬೇಕು. ಗಾಲಿ ತಿರುಗಿದಂತೆ ಇದು ಉಗಿಯ ಸದ್ದು ಬಿಡುತ್ತದೆ. ಮೋಟಾರಿನ ಒಂದು ತುದಿ ಇಂಜಿನ್ನಿನ ಮೈಗೆ ತಾಗಿಕೊಂಡಿದ್ದನ್ನು ನೋಡದೆ ಮೊದಲನೆಯದನ್ನು ಸುಟ್ಟೆ. ಇಪ್ಪತ್ತೈದು ವರ್ಷ ರಿಪೇರಿ ಮಾಡಿದವಳ ಕೈಯಲ್ಲಿ ಹೊಗೆ! ಎರಡನೆಯದಕ್ಕೆ ಎಲ್ಲವನ್ನೂ ಮೂರು ಸಲ ಪರೀಕ್ಷಿಸಿ, ಹಿಂದಿನ ಕಲ್ಲಿದ್ದಲ ತೊಟ್ಟಿಯೊಳಗೆ ಸ್ಪೀಕರು ಕೂರಿಸಿ, ಗಾಲಿಯ ಒಂದು ಸುತ್ತಿಗೆ ಸರಿಯಾಗಿ ನಾಲ್ಕು ಸಲ ಉಸಿರು ಬಿಡುವಂತೆ ಹೊಂದಿಸಿದೆ. ಗಡಿಯಾರದ ಹಾಗೆ ಸಮನಾಗಿತ್ತು.

ಅವ್ವ ಕೇಳಿದಳು. "ಚೆಂದಾಗದೆ. ಯಾರ್ ಗಾಡಿನವ್ವ ಇದು?"

"ನಿಂದೇ ಕಣವ್ವ, ನಿನ್ ಗೇಟಿಂದು!"

"ಅಲ್ಲ ಬುಡು. ನಮ್ದು ಕುಂಟ್ತಿತ್ತು. ಮೂರ ಸಮ್ಕೆ ಬುಟ್ಟು ನಾಕ್ನೇದ ಜೋರಾಗ್ ಬುಡದು. ಬಯಲಾಚೆ ಇರುವಾಗ್ಲೇ ಅದ ಕೇಳಿ ಗೇಟ್ ಆಕ್ತಿದ್ದೆ."

ದಿನಾ ಅದೇ ಇಂಜಿನ್ನು ಬರುತ್ತಿತ್ತಂತೆ. ಮೆಟ್ಟಿಲ ಮೇಲೆ ಅಷ್ಟು ವರ್ಷ ಕೂತಿದ್ದ ನನಗೆ ಈ ಕುಂಟು ಗೊತ್ತೇ ಇರಲಿಲ್ಲ. ನಾನು ಬಾವುಟ ನೋಡುತ್ತಿದ್ದೆ. ಅವ್ವ ಕಿವಿಯಲ್ಲಿ ಕೆಲಸ ಮಾಡುತ್ತಿದ್ದಳು. ಆವತ್ತು ಅವಳ ಬಗ್ಗೆ ಹುಟ್ಟಿದ ಹೆಮ್ಮೆಯ ಮುಂದೆ ನನ್ನ ಜಂಬ ಏನೂ ಅಲ್ಲ.

ಕಂಪ್ಯೂಟರಿನಲ್ಲಿ ಆ ನಾಲ್ಕು ಸದ್ದುಗಳನ್ನು ಬೇರೆ ಬೇರೆ ಮಾಡಿ, ನಾಲ್ಕನೆಯದನ್ನು ಜೋರು ಮಾಡಿ, ಒಂದು ಕೂದಲೆಳೆಯಷ್ಟು ತಡವಾಗಿಸಿ ಮತ್ತೆ ಡಿಕೋಡರಿಗೆ ತುಂಬಿದೆ. ಇದೇ ಹುಚ್ಚಿರುವ ಮೈಸೂರಿನ ಪರಿಚಯದವರೊಬ್ಬರಿಗೆ ಫೋನಿನಲ್ಲಿ ಕೇಳಿಸಿದಾಗ, "ಮೇಡಂ, ಟೈಮಿಂಗ್ ತಪ್ಪಿದೆ, ಸರಿ ಮಾಡ್ಕೊಳ್ಳಿ" ಎಂದರು. ಸರಿಯಾಗಿದ್ದದ್ದನ್ನೇ ಕಷ್ಟಪಟ್ಟು ತಪ್ಪು ಮಾಡಿದ್ದೇನೆ ಸರ್ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಹಳಿ ಜೋಡಿಸಿದೆ. ಅವ್ವ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಏನೂ ಹೇಳದೆ ಇಂಜಿನ್ನು ಬಿಟ್ಟೆ. ಮೂರು ಸಮ, ನಾಲ್ಕನೆಯದು ಜೋರು. ಮತ್ತೆ ಮೂರು, ಮತ್ತೆ ಜೋರು. ಅವ್ವನ ಕೈ ನಿಂತಿತು. ಮಡಿಲಲ್ಲಿದ್ದ ಮೊರ ಜಾರಿ ಕಾಳೆಲ್ಲ ಚೆಲ್ಲಿದವು. ಎದ್ದು, ಸೆರಗು ಸಿಕ್ಕಿಸಿಕೊಂಡು, ಬಲಗೈಯನ್ನು ಮುಂದಕ್ಕೆ ಚಾಚಿ ನೆಟ್ಟಗೆ ನಿಂತಳು.

ಇಂಜಿನ್ನು ಅವಳ ಮುಂದೆ ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು. ಚಾಚಿದ ಕೈಯನ್ನು ಅವಳು ಇಳಿಸಲಿಲ್ಲ.

"ಗಾರ್ಡ್ ಡಬ್ಬಿ ಓಯ್ತೇನವ್ವ?" ಎಂದು ಕೇಳಿದಳು.

ನಾನು ಒಂದು ಡಬ್ಬಿಯನ್ನೂ ಮಾಡಿರಲಿಲ್ಲ. "ಇನ್ನೂ ಮಾಡಿಲ್ಲ ಕಣವ್ವ" ಎಂದೆ.

"ಮತ್ತೆ ಕೈ ಎಂಗ್ ಇಳಿಸ್ಲಿ?"

ಇಂಜಿನ್ನು ನಿಲ್ಲಿಸಿ, ಹೋಗಿ ಅವಳ ಕೈ ಹಿಡಿದು ನಾನೇ ಇಳಿಸಿದೆ. ಅವ್ವ ನಗುತ್ತಿದ್ದಳು. ಆವತ್ತು ಮಧ್ಯಾಹ್ನವೇ ಗಾರ್ಡ್ ಡಬ್ಬಿಗೆ ತಗಡು ಕತ್ತರಿಸಲು ಕೂತೆ.