ಕಾಕು ಒಲೆಗೆ ಹಾಕಿದ ಗುಳಿಗೆ

ಹೋದ ವಾರ ನರಗುಂದದ ನಮ್ಮ ಓಣಿಯಲ್ಲಿ ಯಾರೋ ಕಟ್ಟೆಗೆ ಕೆಮ್ಮಣ್ಣು ಸಾರಿಸುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಶಿಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕು ನೆನಪಾದಳು. ಅವಳ ಪಕ್ಕೆಯ ಸುತ್ತ ಸರ್ಪಸುತ್ತು ಎದ್ದಾಗ ಓಣಿಯ ಹೆಂಗಸರೆಲ್ಲ ಸೇರಿ ಹಚ್ಚಿದ್ದು ಇದೇ ಮಣ್ಣು...

ಗುಳ್ಳೆಗಳು ಒಣಗಿದವು, ಉರಿ ಮಾತ್ರ ಹೋಗಲಿಲ್ಲ. ಕಾಕು ಕೌದಿ ಹೊಲಿಯುವವಳು. ಹಳೆ ಸೀರೆಗಳ ರಾಶಿಯ ನಡುವೆ ಕುಳಿತು ಊರವರನ್ನೆಲ್ಲ ಆಡಿಕೊಂಡು ನಗುತ್ತಿದ್ದಳು. ಅಂಥವಳಿಗೆ ಈಗ ಕುಪ್ಪಸ ತಗುಲಿದರೂ ಕೆಂಡ ಇಟ್ಟಂತಾಗುತ್ತಿತ್ತು. ಗಂಡ ಇರಲಿಲ್ಲ, ಮನೆಯಲ್ಲಿ ಮಗಳೊಬ್ಬಳೇ. ಕೊನೆಗೆ ನಾನೇ ರೋಣದ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ನರಕ್ಕೆ ಪೆಟ್ಟಾಗಿದೆ ಎಂದು ಗುಳಿಗೆ ಬರೆದುಕೊಟ್ಟು, ನಡುವೆ ನಿಲ್ಲಿಸಬೇಡಿ ಎಂದರು. ಮೂರು ವಾರದಲ್ಲಿ ಕಾಕು ಮತ್ತೆ ಸೂಜಿ ಹಿಡಿದಳು.

ನಾನಾಗ ಡಿಗ್ರಿ ಎರಡನೇ ವರ್ಷ, ಇಂಗ್ಲಿಷ್ ಬರುತ್ತದೆಂಬ ಸೊಕ್ಕು ಬೇರೆ. ಗುಳಿಗೆಯ ಡಬ್ಬಿಯಲ್ಲಿ ಮಡಚಿಟ್ಟಿದ್ದ ಚೀಟಿಯನ್ನು ಬಿಡಿಸಿ, ಯಾರೂ ಕೇಳದಿದ್ದರೂ ಓದಿ ಹೇಳಿದೆ. ಮೂರ್ಛೆ ರೋಗಕ್ಕೆ ಎಂದಿತ್ತು. ಸರ್ಪಸುತ್ತಾಗಲಿ ನರದ ಉರಿಯಾಗಲಿ ಅದರಲ್ಲಿ ಎಲ್ಲೂ ಇರಲಿಲ್ಲ. ಕಾಕು ಹೊಲಿಯುವುದನ್ನು ನಿಲ್ಲಿಸಿದಳು.

“ಫಿಟ್ಸಿನ ಗುಳಿಗಿ ಅಂತ ಬರದೈತೇನ? ಖರೇ ಹೇಳು.”

ಹೌದು ಎಂದೆ. ಸುಮ್ಮನಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಅದೇ ವಾರ ಬೆಳವಣಕಿಯಿಂದ ಅವಳ ಮಗಳನ್ನು ನೋಡಲು ಬರುವವರಿದ್ದರು. ನಮ್ಮ ಕಡೆ ಹೆಣ್ಣು ನೋಡಲು ಬಂದ ಹೆಂಗಸರು ಹೆಣ್ಣನ್ನಷ್ಟೇ ನೋಡಿ ಹೋಗುವುದಿಲ್ಲ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆ, ಗೋಡೆಯ ಗೂಡು ಎಲ್ಲ ಇಣುಕುತ್ತಾರೆ, ಓಣಿಯಲ್ಲಿ ವಿಚಾರಿಸುತ್ತಾರೆ. ತಾಯಿಗೆ ಫಿಟ್ಸ್ ಎಂದರೆ ಮಗಳಿಗೂ ಫಿಟ್ಸ್ ಎಂದೇ ಅರ್ಥ. ಕಾಕು ಉಳಿದ ಗುಳಿಗೆಗಳನ್ನೂ ಡಬ್ಬಿಯನ್ನೂ ಒಲೆಗೆ ಹಾಕಿದಳು. ಆ ಗುಳಿಗೆ ಇನ್ನು ನಾಟುವುದಿಲ್ಲವೆಂದು ಡಾಕ್ಟರೇ ನಿಲ್ಲಿಸಿದರು ಅಂತ ಮಗಳಿಗೆ ಸುಳ್ಳು ಹೇಳಿದಳು.

ನಾನು ಗಾಬರಿಯಾಗಿ ರೋಣಕ್ಕೆ ಓಡಿದೆ. ಅದು ಮೂರ್ಛೆಯ ಔಷಧವೇ, ಆದರೆ ನರದ ಉರಿಗೂ ನಾಟುತ್ತದೆ, ಚೀಟಿಯಲ್ಲಿ ಇಲ್ಲದಿದ್ದರೂ ತಿಳಿದೇ ಕೊಟ್ಟಿದ್ದೇನೆ ಎಂದರು ಡಾಕ್ಟರು. ಬಂದು ಹೇಳಿದರೆ ಕಾಕು ನಕ್ಕಳು.

“ನಿನಗ ತಿಳೀತು, ನನಗ ತಿಳೀತು. ಬೆಳವಣಕಿಯವರಿಗೆ ಯಾರು ತಿಳಿಸಿ ಹೇಳ್ತಾರ? ಮಗಳ ಮುಂದ ಬಾಯಿ ಬಿಡಬ್ಯಾಡ.”

ಮದುವೆಯಾಯಿತು. ಅಕ್ಕಿಕಾಳು ಬೀಳುವಾಗ ಕಾಕು ಸೆರಗನ್ನು ಮೈಗೆ ತಾಗದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದು ನಗುತ್ತ ನಿಂತಿದ್ದಳು. ಇನ್ನಾದರೂ ತಗೋ ಎಂದೆ. ಮಗಳಿಗೊಂದು ಕೂಸಾಗಲಿ ಎಂದಳು. ಕೂಸಾದ ಮೇಲೆ, ಆ ಮನೆಯಲ್ಲಿ ಅವಳು ಬೇರೂರಲಿ ಎಂದಳು. ಆಮೇಲೆ ನಾನೂ ಕೇಳುವುದನ್ನು ಬಿಟ್ಟೆ... ಕೌದಿ ನಿಂತಿತು, ನಿದ್ದೆ ಹೋಯಿತು, ಊಟ ನಾಲ್ಕು ತುತ್ತಿಗೆ ಇಳಿಯಿತು. ಆ ಉರಿಯಲ್ಲೇ ನಾಲ್ಕು ವರ್ಷ ಕಳೆದು, ಒಂದು ಮುಂಜಾನೆ ಎದೆನೋವೆಂದವಳು ಮತ್ತೆ ಏಳಲಿಲ್ಲ. ನಾನು ಓದಿದ ಒಂದು ಸಾಲು ಅವಳನ್ನು ಅಷ್ಟು ವರ್ಷ ಸುಟ್ಟಿತು. ಇದಕ್ಕೆ ನನ್ನ ಬಳಿ ಯಾವ ಸಮಾಧಾನವೂ ಇಲ್ಲ.

ಮೊನ್ನೆ ಅವಳ ಮಗಳು ನಮ್ಮ ಮನೆಗೆ ಬಂದಿದ್ದಳು. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುತ್ತದಂತೆ. ಗಜೇಂದ್ರಗಡದ ಡಾಕ್ಟರು ಕೊಟ್ಟ ಗುಳಿಗೆಯ ಡಬ್ಬಿಯನ್ನು ನನ್ನ ಕೈಗಿಟ್ಟು, ಇದು ಯಾತಕ್ಕೆಂದು ಓದಿ ಹೇಳಲು ಕೇಳಿದಳು. ಅದೇ ಹೆಸರು. ಒಳಗಿನ ಚೀಟಿಯನ್ನು ಬಿಡಿಸದೆಯೇ, ನರದ ಉರಿಗೆ, ನಿಲ್ಲಿಸಬೇಡ ಎಂದೆ. ಎಂಟು ದಿನಕ್ಕೇ ಅರ್ಧ ಇಳಿದಿದೆ ಎಂದು ಅವಳು ಖುಷಿಯಾಗಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು.

“ಇಂಥಾ ಗುಳಿಗಿ ನಮ್ಮ ಅವ್ವನ ಕಾಲಕ್ಕ ಇದ್ದಿದ್ರ ಎಷ್ಟ ಚಲೋ ಆಗ್ತಿತ್ತು.”

ನಾನು ತಲೆಯಾಡಿಸಿದೆ. ಈಗಲಾದರೂ ಹೇಳಲೇ ಎಂದು ಕೇಳೋಣವೆಂದರೆ ಕಾಕು ಇಲ್ಲ.