ತಂಗಿಯ ಹೆರಿಗೆಗೆ ಜೊತೆ ಹೋದವಳು

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವವರು ಒದೆಯಲಿ. ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಅವಳು ಹೆರಿಗೆ ಬೇನೆಯಲ್ಲಿ ಒದ್ದಾಡುತ್ತಿದ್ದಾಗ.

ಚೊಚ್ಚಲ ಹೆರಿಗೆ ತವರಿನ ಪಾಲು. ತಂಗಿ ಏಳನೇ ತಿಂಗಳಿಗೇ ಸಂತೆಕಲ್ಲೂರಿಗೆ ಬಂದು ಕೂತಿದ್ದಳು. ಅವ್ವನಿಗೆ ಮೊಣಕಾಲು ನೋವು, ಹೆಚ್ಚು ಹೊತ್ತು ನಿಲ್ಲಲಾರಳು. ಹಾಗಾಗಿ ಲಿಂಗಸುಗೂರಿನಲ್ಲಿ ಗಂಡನ ಮನೆಯಲ್ಲಿದ್ದ ನನಗೆ ಬುಲಾವ್ ಬಂತು. ಒಂದು ಬೆಳಿಗ್ಗೆ ಬೇನೆ ಶುರುವಾಯಿತು. ಗಾಡಿ ಮಸ್ಕಿ ದಾಟಿ ಸಿಂಧನೂರಿನ ದವಾಖಾನೆ ಮುಟ್ಟುವಷ್ಟರಲ್ಲಿ ಅವಳು ನನ್ನ ಮುಂಗೈಗೆ ಉಗುರು ಊರಿಬಿಟ್ಟಿದ್ದಳು. ಅಲ್ಲಿಯವರೆಗೂ ನನಗೆ ಅವಳ ಮೇಲೆ ಬರೀ ಕನಿಕರ.

ವಾರ್ಡಿನ ಬಾಗಿಲಲ್ಲಿ ನಾನು ಚೀಲ ಕೆಳಗಿಟ್ಟು ಹೊರಗೇ ನಿಂತೆ. ಜೊತೆ ಬಂದವರು ಹೊರಗೆ ನಿಲ್ಲುವುದೇ ನನಗೆ ಗೊತ್ತಿದ್ದ ರೂಢಿ. ಸಿಸ್ಟರ್ ತಿರುಗಿ ನೋಡಿ, "ಅಕ್ಕಾರ, ಅಲ್ಲ್ಯಾಕ ನಿಂತೀರಿ? ಆಕಿ ಜೋಡಿ ಒಬ್ರು ಇರಬೇಕ್ರಿ, ಒಳಗ ಬರ್ರಿ" ಎಂದರು. "ಅಕ್ಕ ಇರಲೇನವ್ವ?" ಎಂದು ತಂಗಿಯನ್ನೂ ಕೇಳಿದರು. ಹಾಸಿಗೆಯ ಸುತ್ತ ಪರದೆ ಎಳೆದರು. ಪರೀಕ್ಷೆ ಮಾಡುವ ಮುಂಚೆ "ಈಗ ನೋಡ್ತೀನವ್ವ" ಎಂದು ಹೇಳಿ, ಅವಳು ಹೂಂ ಅಂದ ಮೇಲೆಯೇ ನೋಡಿದರು. ಅಡ್ಡಾಡಲು ಬಿಟ್ಟರು, ಮಜ್ಜಿಗೆ ಕುಡಿಸಲು ಹೇಳಿದರು. ಆಗಾಗ ಬಂದು ಕೂಸಿನ ಎದೆಬಡಿತ ನೋಡಿ, ನಮಗೂ ಕೇಳಿಸಿದರು.

ಇಷ್ಟೇ. ಇದೇನು ಅರಮನೆಯ ಉಪಚಾರವಲ್ಲ. ಹಾಸಿಗೆಯ ರೆಕ್ಸಿನ್ ಹರಿದಿತ್ತು, ಫ್ಯಾನು ಕಿರುಗುಟ್ಟುತ್ತಿತ್ತು. ಆದರೂ ನನಗೆ ಒಳಗೊಳಗೇ ಉರಿ ಹತ್ತಿತು. ಇವಳೇನು ಮೇಲಿನಿಂದ ಇಳಿದು ಬಂದವಳೇ? ಒಂದೇ ಗಂಗಾಳದಲ್ಲಿ ಉಂಡು ಬೆಳೆದವರು ನಾವು. ಬೇನೆ ತಿನ್ನುವಾಗ ಬಾಯಿ ಬಿಟ್ಟರೆ ಕೂಸು ಮೇಲಕ್ಕೇರುತ್ತದೆ ಎಂದು ಅವ್ವ ಇಬ್ಬರಿಗೂ ಹೇಳಿದ್ದಳು. ನಾನು ಅದನ್ನು ನಂಬಿ ನನ್ನ ಹೆರಿಗೆಯಲ್ಲಿ ಸೆರಗು ಕಚ್ಚಿ ಹಿಡಿದಿದ್ದೆ. ಇವಳೋ, ಇಡೀ ವಾರ್ಡಿಗೆ ಕೇಳುವಂತೆ "ಯವ್ವಾ, ಸತ್ನಬೇ" ಎಂದು ಚೀರುತ್ತಿದ್ದಳು. ಸಿಸ್ಟರ್ ಅವಳ ಸೊಂಟ ನೀವುತ್ತ, "ಚೀರವ್ವ, ಯಾರೂ ಏನೂ ಅನ್ನಂಗಿಲ್ಲ" ಎನ್ನುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಸಾಕು ಬಾಯಿ ಮುಚ್ಚಬೇ. ಗಂಡನ ಮಗ್ಗಲಾಗ ಮಲಗುವಾಗ ಚಲೋ ಅನಿಸಿತ್ತಲ್ಲ, ಈಗ್ಯಾಕ ಅಳ್ತಿ?" ಎಂದುಬಿಟ್ಟೆ.

ತಂಗಿ ಚೀರುವುದನ್ನು ನಿಲ್ಲಿಸಿದಳು. ನೋವು ನಿಂತಿತೆಂದಲ್ಲ. ನನ್ನ ಕೈ ಬಿಟ್ಟು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಸಿಸ್ಟರ್ ಗದರಲಿಲ್ಲ. "ಇಂಥ ಮಾತು ಇಲ್ಲಿ ನಡಿಯಂಗಿಲ್ರಿ, ಅಕ್ಕಾರ. ಆಕಿ ಹೂಂ ಅಂದ್ರ ಇರ್ರಿ, ಇಲ್ಲಂದ್ರ ಹೊರಗ ಹೋಗ್ರಿ" ಎಂದರು.

ತಂಗಿಗೆ ನಾನು ಅಂದ ಆ ಮಾತು ನನ್ನದಾಗಿರಲಿಲ್ಲ. ಎಂಟು ವರ್ಷದ ಹಿಂದೆ, ಇನ್ನೊಂದು ಆಸ್ಪತ್ರೆಯಲ್ಲಿ, ಸೆರಗು ಬಾಯಲ್ಲಿದ್ದರೂ ತಪ್ಪಿಸಿಕೊಂಡು ಹೊರಟ ಒಂದು ನರಳಿಕೆಗೆ ತೊಡೆಯ ಮೇಲೆ ಏಟು ಹಾಕಿ ಅಲ್ಲಿಯ ಸಿಸ್ಟರ್ ಒಬ್ಬಾಕೆ ನನಗೆ ಅಂದದ್ದು. ಅವ್ವ ಆಗ ಮುಚ್ಚಿದ ಬಾಗಿಲ ಆಚೆ ಇದ್ದಳು. ನಾನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಇಲ್ಲ. ಇಷ್ಟು ವರ್ಷ ಒಂದಕ್ಷರ ಮರೆಯದೆ ಇಟ್ಟುಕೊಂಡು, ತಂದು ಇವಳ ಮೇಲೆ ಉಗುಳಿದ್ದೆ.

ಮತ್ತೊಂದು ಬೇನೆ ಬಂತು. ತಂಗಿ ತುಟಿ ಬಿಗಿಹಿಡಿದು ಅದನ್ನು ತಿಂದಳು, ಥೇಟ್ ನನ್ನ ಹಾಗೆ. ಅದನ್ನು ನೋಡಲಾಗಲಿಲ್ಲ ನನಗೆ.

"ನನ್ನ ಹೆರಿಗಿಯೊಳಗ ನನಗ ಹಂಗ ಅಂದಿದ್ರಬೇ" ಎಂದೆ. "ನಿನಗ ಯಾರೂ ಅನ್ನವಲ್ರು, ಅದಕ್ಕ ಹೊಟ್ಟಿ ಉರೀತು. ಚೀರು ನೀ. ನಾ ಹೊರಗ ಹೋಗ್ತೀನಿ."

"ಇರ್ಲಿ ಬಿಡ್ರಿ" ಎಂದಳು ತಂಗಿ, ನನಗಲ್ಲ, ಸಿಸ್ಟರಿಗೆ. ಮುಂದಿನ ಬೇನೆಗೆ ಚೀರಿದಳು. ನನ್ನ ಕೈ ಮಾತ್ರ ಮತ್ತೆ ಹಿಡಿಯಲಿಲ್ಲ. ಮಂಚದ ಕಬ್ಬಿಣ ಹಿಡಿದುಕೊಂಡಳು.

ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಸಿಸ್ಟರ್ ಅದನ್ನು ಒರೆಸಿ ತಂಗಿಯ ಎದೆಯ ಮೇಲೆಯೇ ಮಲಗಿಸಿ, ಮೇಲೊಂದು ಬಟ್ಟೆ ಹೊದಿಸಿದರು. ನನ್ನ ಹೆರಿಗೆಯಲ್ಲಿ ಮಗನನ್ನು ನನಗೆ ತೋರಿಸಿದ್ದು ಸಂಜೆಗೆ. ಇದನ್ನು ನೋಡಿಯೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಈ ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಮರುದಿನ ತುರ್ವಿಹಾಳದಿಂದ ತಂಗಿಯ ಅತ್ತೆ ಮೊಮ್ಮಗಳನ್ನು ನೋಡಲು ಬಂದರು. ತಂಗಿ ಅವರಿಗೆ ಸಿಸ್ಟರ್ ಅಡ್ಡಾಡಿಸಿದ್ದು, ನಡು ತಿಕ್ಕಿದ್ದು, ಕೂಸಿನ ಎದೆಬಡಿತ ಕೇಳಿಸಿದ್ದು ಎಲ್ಲ ಬಾಯಿತುಂಬ ಹೇಳಿದಳು. ಆ ಹಿರಿಯರು ನಂಬಲಾರದೆ, "ಹೌದೇನವ್ವ? ಒಬ್ರರ ಬೈಲಿಲ್ಲೇನು?" ಎಂದು ಕೇಳಿದರು.

ನಾನು ಕಿಟಕಿಯ ಹತ್ತಿರ ಕೂಸಿನ ಬಟ್ಟೆ ಮಡಚುತ್ತಿದ್ದೆ. ತಂಗಿ ನನ್ನ ಕಡೆ ನೋಡಲಿಲ್ಲ.

"ದವಾಖಾನಿಯವ್ರು ಯಾರೂ ಬೈಲಿಲ್ರಿ, ಅತ್ತಿ" ಎಂದಳು.