ಅಕ್ಕನ ಹೆಸರಿನ ಡಬ್ಬಿ

ನನ್ನ ಅಕ್ಕನನ್ನು ಬೀದಿಯವರೆಲ್ಲ ಟೇಪಕ್ಕ ಎನ್ನುತ್ತಾರೆ. ಬೆಳಿಗ್ಗೆ ಮುಖ ತೊಳೆದ ಕೂಡಲೇ ಅಳತೆಯ ಟೇಪು ಅವಳ ಕೊರಳಿಗೆ ಬೀಳುತ್ತದೆ. ಮಲಗುವಾಗ ಮಾತ್ರ ಅದನ್ನು ತೆಗೆದಿಡುತ್ತಾಳೆ. ಹೊಲಿಗೆಯಲ್ಲಿ ಅವಳದು ಒಂದೇ ಹಟ: ಯಾರ ಬಟ್ಟೆಯೋ ಅವರ ಮೈಯದೇ ಅಳತೆ ಆಗಬೇಕು. ಹಳೆಯ ಅಂಗಿ ತಂದು ಇದರ ಹಾಗೇ ಹೊಲಿಯಿರಿ ಎಂದರೆ ಒಪ್ಪುವವಳಲ್ಲ. ಒಮ್ಮೆ ಅವಳಿ ಹುಡುಗಿಯರಲ್ಲಿ ಒಬ್ಬಳು ಬಂದು, "ಅವಳಿಗೆ ಜ್ವರ ಆಂಟಿ. ಎರಡಕ್ಕೂ ನನ್ನ ಅಳತೆನೇ ತಗೊಳ್ಳಿ, ಇಬ್ರೂ ಒಂದೇ" ಎಂದಳು.

"ನೋಡೋಕೆ ಒಂದೇ. ಜ್ವರ ಬಿಟ್ಮೇಲೆ ಅವಳನ್ನೂ ಕರ್ಕೊಂಡ್ ಬಾ" ಎಂದು ಅಕ್ಕ ವಾಪಸು ಕಳಿಸಿದಳು.

ನಾನು ಅದೇ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹಾಕುವವಳು, ಗುಂಡಿ ಹಚ್ಚುವವಳು. ಬಂದ ಗಿರಾಕಿಯನ್ನು ಓಡಿಸುವುದಕ್ಕೆ ಇವಳೇ ಸರಿ ಎಂದು ಮೂಗು ಮುರಿದೆ. ನಾಲ್ಕು ದಿನ ಬಿಟ್ಟು ಬಂದ ಇನ್ನೊಬ್ಬಳ ಬಲಭುಜ ಅರ್ಧ ಇಂಚು ಕೆಳಗಿತ್ತು. ಆಮೇಲೆ ಒಂದು ವಾರ ಅಕ್ಕನನ್ನು ಹಿಡಿಯುವವರಿರಲಿಲ್ಲ.

ಅಂಥವಳಿಗೆ ಬಂದದ್ದು ಕ್ರೋನ್ಸ್ ಎಂಬ ಕಾಯಿಲೆ. ಕರುಳು ಒಳಗೊಳಗೇ ಬಾತು, ಹುಣ್ಣಾಗಿ, ಕೊನೆಗೆ ತುತ್ತು ಮುಂದೆ ಹೋಗುವ ದಾರಿಯೇ ಕಿರಿದಾಗುತ್ತದೆ. ಹೊತ್ತುಹೊತ್ತಿಗೆ ಉಣ್ಣದೆ ಹೊಟ್ಟೆ ಕೆಟ್ಟಿದೆ ಎಂದು ನಾವು ಮೂರು ವರ್ಷ ಹಾಗೇ ತಳ್ಳಿದೆವು. ಕಡೆಗೆ ಆಪರೇಷನ್ ಮಾಡಿ, ಕೆಟ್ಟ ಭಾಗ ಒಂದು ಗೇಣಿನಷ್ಟು ತೆಗೆದು, ಎರಡು ತುದಿ ಸೇರಿಸಿದರು. ಎಚ್ಚರವಾದ ಮೇಲೆ ಅಕ್ಕ ಡಾಕ್ಟರಮ್ಮನನ್ನು ಕೇಳಿದ ಮೊದಲ ಪ್ರಶ್ನೆ, "ಹೊಲಿಗೆ ಒಂಟಿ ಹಾಕಿದ್ರಾ, ಜೋಡಿನಾ?"

ಡಾಕ್ಟರಮ್ಮ ನಕ್ಕರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. "ಈ ಕಾಯಿಲೆ ವಾಪಸ್ ಬಂದ್ರೆ ಮೊದಲು ಜೋಡಿಸಿದ ಜಾಗದ ಹತ್ರಾನೇ ಬರೋದು. ನೋವು ಶುರುವಾಗೋ ಮುಂಚೆನೇ ಬಂದು ಕೂತಿರುತ್ತೆ. ಅದಕ್ಕೆ ನೀವು ಚೆನ್ನಾಗಿದ್ದೀನಿ ಅಂದ್ರೂ ನಾವು ನೋಡ್ತಾನೇ ಇರ್ಬೇಕು."

ನೋಡುವುದಕ್ಕೆ ಎರಡು ದಾರಿ. ಒಂದು, ಕ್ಯಾಮೆರಾ ಇರುವ ಕೊಳವೆಯನ್ನು ಒಳಗೆ ಬಿಡುವುದು. ಇನ್ನೊಂದು, ಮಲದ ಪರೀಕ್ಷೆ. ಕರುಳು ಬಾತಿದ್ದರೆ ಅದರ ಗುರುತು ಮಲದಲ್ಲಿ ಸಿಗುತ್ತದಂತೆ. ಜೊತೆಗೆ ಆ ಆಸ್ಪತ್ರೆಯಲ್ಲಿ ಒಂದು ಅಧ್ಯಯನವೂ ನಡೆದಿತ್ತು: ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದಲ್ಲಿ ಯಾವುದು ಕಡಿಮೆಯಾದರೆ, ಯಾವುದು ಹೆಚ್ಚಿದರೆ ಕಾಯಿಲೆ ಮರಳುತ್ತದೆ ಎಂದು ಮೊದಲೇ ತಿಳಿಯಬಹುದೇ ಎಂದು. "ಇನ್ನೂ ಕಲೀತಾ ಇದ್ದೀವಿ. ನಿಮ್ಮಂಥೋರು ಕೊಟ್ರೇ ನಮಗೆ ಗೊತ್ತಾಗೋದು" ಎಂದರು. ಅಕ್ಕ ಒಪ್ಪಿ ಸಹಿ ಹಾಕಿದಳು. ಮೂರನೇ ತಿಂಗಳು, ಆರನೇ ತಿಂಗಳು, ಆಮೇಲೆ ವರ್ಷಕ್ಕೆ. ಪ್ರತಿ ಸಲವೂ ಅವಳ ಹೆಸರು ಅಂಟಿಸಿದ ಪುಟ್ಟ ಡಬ್ಬಿ. ಬೆಳಿಗ್ಗೆ ಒಂಬತ್ತರೊಳಗೆ ತಲುಪಿಸಬೇಕು.

ಮೂರನೇ ತಿಂಗಳು ಎಲ್ಲ ಸರಿಯಾಗಿತ್ತು. ಆರನೇ ತಿಂಗಳ ಡಬ್ಬಿಯ ದಿನ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರದ ರಾಶಿ ಬಿದ್ದಿತ್ತು. ಆಸ್ಪತ್ರೆಗೆ ಹೋಗಬೇಕಾದವಳು ನಾನು. ಚಪ್ಪಲಿ ಮೆಟ್ಟಿ ನಿಂತಿದ್ದೆ. ಅಕ್ಕ ಖಾಲಿ ಡಬ್ಬಿ ಹಿಡಿದು ಬಚ್ಚಲಿನಿಂದ ಬಂದಳು.

"ಇವತ್ತು ಆಗ್ತಿಲ್ಲ ಕಣೇ. ನಿಂದೇ ಹಾಕ್ಕೊಂಡ್ ಹೋಗು."

"ನಂದಾ? ಹುಚ್ಚು ಗಿಚ್ಚು ಹಿಡೀತಾ?"

"ಒಂದೇ ಮನೇಲಿರೋರ ಬ್ಯಾಕ್ಟೀರಿಯಾ ಎಷ್ಟೋ ಒಂದೇ ಥರ ಇರುತ್ತೆ ಅಂತ ನರ್ಸಮ್ಮನೇ ಹೇಳಿದ್ರಲ್ಲ. ಒಂದೇ ಪಾತ್ರೆಲಿ ಬೇಯಿಸಿದ್ದು ತಿಂತೀವಿ. ಏನೂ ಆಗಲ್ಲ, ಹೋಗು."

ಅವಳಿ ಹುಡುಗಿಯರು ನೆನಪಾದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೇಜಿನ ಮೇಲೆ ಕಾಜಾ ಆಗದ ಶರ್ಟುಗಳು ಕುತ್ತಿಗೆ ಮಟ್ಟಕ್ಕೆ ಬೆಳೆದಿದ್ದವು. ಇನ್ನೊಂದು ದಿನ ಹಾಳಾಗುವುದು ಬೇಡ ಎನ್ನಿಸಿತು. ನಿಜ ಹೇಳಬೇಕೆಂದರೆ ಅಷ್ಟೇ. ಅಕ್ಕ ಹಿಂದಿನಿಂದ, ಊಟದಲ್ಲಿ ಉಳಿದದ್ದನ್ನು ನನ್ನ ತಟ್ಟೆಗೆ ಬಡಿಸುವಾಗ ದಿನಾ ಕೆಣಕುವ ಹಾಗೇ, "ನಿಂದು ಕಲ್ಲು ತಿಂದ್ರೂ ಕರಗಿಸೋ ಹೊಟ್ಟೆ, ಪಾಸಾಗ್ತೀನಿ ಬಿಡು" ಎಂದು ನಕ್ಕಳು. ನಾನೂ ನಕ್ಕೆ. ದಾರಿಯುದ್ದಕ್ಕೂ ನಗು ಬರುತ್ತಿತ್ತು.

ವರದಿ ನೋಡಿ ಡಾಕ್ಟರಮ್ಮನಿಗೆ ಖುಷಿಯೋ ಖುಷಿ. ಬಾವಿನ ಗುರುತಿಲ್ಲ, ಒಳ್ಳೆಯ ಬ್ಯಾಕ್ಟೀರಿಯಾ ಬೇಕಾದಷ್ಟಿವೆ ಎಂದರು. ಆ ತಿಂಗಳು ಮಾಡಬೇಕಿದ್ದ ಕ್ಯಾಮೆರಾ ಪರೀಕ್ಷೆಯನ್ನು ವರ್ಷದ ಕೊನೆಗೆ ಹಾಕಿದರು. ಆಗಲೂ ಬಾಯಿ ಬಿಡಬಹುದಿತ್ತು. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ವಿಚಿತ್ರವೆಂದರೆ, ಹೋಗ್ತಾ ಹೋಗ್ತಾ ಆ ಕಾಗದವನ್ನು ನಾನೇ ನಂಬಿಬಿಟ್ಟೆ. ಅಕ್ಕ ಮೆಷಿನ್ನಿನ ಮುಂದೆ ಕೂತು ಬಲಗೈಯಿಂದ ಕಿಬ್ಬೊಟ್ಟೆ ಒತ್ತಿಕೊಳ್ಳುವುದು ಕಣ್ಣಿಗೆ ಬೀಳುತ್ತಿತ್ತು. ಕೇಳಿದರೆ, "ಬಗ್ಗಿ ಬಗ್ಗಿ ಹಿಡ್ಕೊಂಡಿದೆ" ಎನ್ನುವಳು. ವರದಿ ಚೆನ್ನಾಗಿದೆಯಲ್ಲ, ಅದೇ ಇರಬೇಕು ಅಂದುಕೊಳ್ಳುತ್ತಿದ್ದೆ.

ಹತ್ತನೇ ತಿಂಗಳು ಒಂದು ಮಧ್ಯಾಹ್ನ ಅಕ್ಕ ಕತ್ತರಿಸುವ ಮೇಜಿನ ಪಕ್ಕ ಕುಸಿದಳು. ಕರುಳು ಕಟ್ಟಿಕೊಂಡಿತ್ತು. ಎರಡನೇ ಆಪರೇಷನ್‌ನಲ್ಲಿ ಒಂದು ಮೊಳ ಹೋಯಿತು. ಈ ಸಲ ತುದಿಗಳನ್ನು ಸೇರಿಸಲಿಲ್ಲ. ಮಲ ಹೊರಬರಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಕಟ್ಟಿದರು.

ಮಾತಾಡುವಷ್ಟು ಶಕ್ತಿ ಬಂದಾಗ ಅವಳು ಗೋಡೆ ನೋಡುತ್ತಾ ಹೇಳಿದಳು. "ಆವತ್ತು ಆಗ್ತಿಲ್ಲ ಅಂದಿದ್ದು ಸುಳ್ಳು ಕಣೇ. ಹದಿನೈದು ದಿನದಿಂದ ಸಣ್ಣಗೆ ನೋವಿತ್ತು. ಡಬ್ಬಿ ಕೊಟ್ರೆ ಗೊತ್ತಾಗಿಬಿಡುತ್ತೆ, ಮತ್ತೆ ಕೊಯ್ತಾರೆ ಅಂತ ಹೆದರಿದೆ. ಯಾರಿಗೂ ಹೇಳ್ಬೇಡ."

ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದೆ. ಅವಳ ಕೊರಳು ಖಾಲಿಯಾಗಿತ್ತು. ಟೇಪು ಇಲ್ಲದ ಅಕ್ಕನನ್ನು ಹಗಲಲ್ಲಿ ನಾನು ನೋಡಿದ್ದೇ ಇಲ್ಲ. ಮೊದಲ ಆಪರೇಷನ್ ಆದಾಗಲೂ ಎಚ್ಚರವಾದೊಡನೆ ಟೇಪು ಕೇಳಿ ಹಾಕಿಕೊಂಡಿದ್ದಳು. ಅವಳು ಹೆದರಿದ್ದಳು, ಸರಿ. ನನಗೇನಾಗಿತ್ತು? ಯಾಕೆ ಎಂದು ಒಂದು ಮಾತು ಕೇಳಿದ್ದರೆ ಅವಳು ಆವತ್ತೇ ಹೇಳಿಬಿಡುತ್ತಿದ್ದಳು.

ಹೊರಗೆ ಡಾಕ್ಟರಮ್ಮ ಹಳೆಯ ವರದಿ ಕೈಯಲ್ಲಿ ಹಿಡಿದು ನಿಂತಿದ್ದರು. ಮುಖ ಬಾಡಿತ್ತು. "ಇದನ್ನ ನೋಡಿ ನಾನೇ ಕ್ಯಾಮೆರಾ ಮುಂದಕ್ಕೆ ಹಾಕಿದೆ. ಆವಾಗ ನೋಡಿದ್ರೆ ಔಷಧಿ ಬದಲಾಯಿಸಿ ತಡೆಯೋಕೆ ಪ್ರಯತ್ನನಾದ್ರೂ ಮಾಡ್ಬಹುದಿತ್ತು. ಪರೀಕ್ಷೆ ಇಷ್ಟು ತಪ್ಪಾದ್ರೆ ಬೇರೆ ರೋಗಿಗಳಿಗೆ ಯಾವ ಧೈರ್ಯದ ಮೇಲೆ ಹೇಳ್ಲಿ?"

ನನಗೆ ತಡೆಯಲಾಗಲಿಲ್ಲ. ಡಬ್ಬಿಯ ಕಥೆಯನ್ನು ಪೂರ್ತಿ ಹೇಳಿಬಿಟ್ಟೆ. ಅವರು ರೇಗಿದ್ದರೆ ಒಳ್ಳೆಯದಿತ್ತು. ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದರು.

"ಹಾಗಾದ್ರೆ ಪರೀಕ್ಷೆ ತಪ್ಪಿಲ್ಲ" ಎಂದರು. "ಇದು ನಿಮ್ಮ ವರದಿ. ನೀವು ತುಂಬಾ ಆರೋಗ್ಯವಾಗಿದ್ದೀರ."

ಅಕ್ಕ ಈಗ ಅರ್ಧ ದಿನ ಹೊಲಿಯುತ್ತಾಳೆ. ಚೀಲಕ್ಕೆ ಲೈನಿಂಗ್ ಬಟ್ಟೆಯಲ್ಲಿ ತಾನೇ ಹೊದಿಕೆ ಮಾಡಿಕೊಂಡಿದ್ದಾಳೆ, ಹೊಲಿಗೆ ಕಾಣದ ಹಾಗೆ. ನಾನು ಡಾಕ್ಟರಮ್ಮನಿಗೆ ಹೇಳಿದ್ದು ಅವಳಿಗೆ ಗೊತ್ತು. ಡಬ್ಬಿಯ ದಿನ ಬಂದರೆ ಆಸ್ಪತ್ರೆಗೆ ತಾನೇ ನಡೆದು ಹೋಗುತ್ತಾಳೆ. ಊಟಕ್ಕೆ ಕೂತಾಗ ತಾನು ಎರಡು ತುತ್ತು ಅಳೆದು ಹಾಕಿಕೊಂಡು, ಉಳಿದದ್ದನ್ನೆಲ್ಲ ಮೊದಲಿನ ಹಾಗೇ ನನ್ನ ತಟ್ಟೆಗೆ ಬಡಿಸುತ್ತಾಳೆ. ಹಾಗೆ ಬಡಿಸುವಾಗ ಕಲ್ಲು ತಿಂದರೂ ಕರಗಿಸುವ ಹೊಟ್ಟೆ ಎಂದು ದಿನಾ ಕೆಣಕುತ್ತಿದ್ದಳಲ್ಲ, ಅದನ್ನು ಮಾತ್ರ ಬಿಟ್ಟಿದ್ದಾಳೆ.